ಎಡಗೈ ನೂಲಿನ ಕಂಬಳಿ

ನಮ್ಮವ್ವನ ಬಲಗೈ ಮುರಿದದ್ದು ಒಂದು ಟಗರಿನಿಂದ. ಅದೂ ಎಂಥ ಟಗರು ಅಂತೀರಿ! ಹುಟ್ಟುತ್ತಲೇ ತಾಯಿ ಸತ್ತ ಮರಿ ಎಂದು ಒಲೆಯ ಪಕ್ಕದಲ್ಲಿ ಮಲಗಿಸಿಕೊಂಡು, ಬೆರಳು ಅದ್ದಿ ಅದ್ದಿ ಮೇಕೆ ಹಾಲು ಚೀಪಿಸಿ, ನನಗಿಂತ ಹೆಚ್ಚು ಮುದ್ದು ಮಾಡಿ ಅವ್ವನೇ ಸಾಕಿದ್ದು. ಒಂದು ದಿನ ಬೆಳಿಗ್ಗೆ ಅವಳು ಹಟ್ಟಿಯಲ್ಲಿ ಬಗ್ಗಿ ಹಿಕ್ಕೆ ಗುಡಿಸುತ್ತಿದ್ದಾಗ ಆ ಪುಣ್ಯಾತ್ಮನಿಗೆ ಏನು ಅನ್ನಿಸಿತೋ ಏನೋ, ಹಿಂದಿನಿಂದ ಓಡಿ ಬಂದು ಗುದ್ದಿತು. ಅವ್ವ ಕುರಿಗೆ ನೀರಿಡುವ ಕಲ್ಲುಬಾನಿಯ ಅಂಚಿನ ಮೇಲೆ ಬಿದ್ದಳು. ನೋವಿನಲ್ಲೂ ಅವಳು ಮೊದಲು ಹೇಳಿದ್ದು ಟಗರಿಗೆ ಯಾರೂ ಹೊಡೆಯಬೇಡಿ ಎಂದು. ನನಗೆ ಮಾತ್ರ ಅದನ್ನು ಅವತ್ತೇ ಸಾರಿಗೆ ಹಾಕಬೇಕು ಅನ್ನಿಸಿತ್ತು.

ನಾವಿದ್ದದ್ದು ಶ್ರೀರಾಂಪುರದ ಹತ್ತಿರದ ಒಂದು ಹಳ್ಳಿಯಲ್ಲಿ. ರಾಜ್ಯಕ್ಕೆ ಕರ್ನಾಟಕ ಎಂದು ಹೊಸ ಹೆಸರು ಬಂದು ವರ್ಷವಾಗಿತ್ತಷ್ಟೆ. ಊರಿನ ಬಾಯಲ್ಲಿ ಇನ್ನೂ ಹಳೆಯ ಹೆಸರೇ ಓಡಾಡುತ್ತಿತ್ತು. ದೊಡ್ಡಪ್ಪ ಕುರಿ ಕಾಯುತ್ತಿದ್ದ, ಅಪ್ಪ ಕಂಬಳಿ ನೇಯುತ್ತಿದ್ದ, ಅವ್ವ ಅವನಿಗೆ ನೂಲುತ್ತಿದ್ದಳು. ಅವ್ವನ ಕೈಯ ನೂಲಿಗೆ ಸುತ್ತಮುತ್ತ ಹೆಸರಿತ್ತು. ಕದಿರನ್ನು ಬಲತೊಡೆಯ ಮೇಲೆ ಒಮ್ಮೆ ಉಜ್ಜಿ ಬಿಟ್ಟಳೆಂದರೆ ಅದು ಬುಗುರಿಯಂತೆ ತಿರುಗುತ್ತಿತ್ತು, ಎಳೆ ಒಂದೇ ಸಮನೆ ಇಳಿಯುತ್ತಿತ್ತು. ಅವಳು ನೂಲುತ್ತಾ ಜಗಳವಾಡಬಲ್ಲಳು, ನೂಲುತ್ತಾ ಅಳಬಲ್ಲಳು, ನೂಲುತ್ತಾ ನನ್ನ ತಲೆಗೆ ಮೊಟಕಬಲ್ಲಳು.

ಕೈ ಮುರಿದ ಹೊತ್ತಿಗೆ ನನ್ನ ಮದುವೆ ಗೊತ್ತಾಗಿತ್ತು. ಗಂಡು ಹೊಳಲ್ಕೆರೆ ಕಡೆ ಬಿ.ದುರ್ಗದವರು, ಹೊಲಮನೆ ಮಾಡಿಕೊಂಡಿದ್ದವರು. ಮದುವೆ ಯುಗಾದಿ ಕಳೆದ ಮೇಲೆ. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಹೆಣ್ಣು ಗಂಡು ಹಸೆಗೆ ಕೂರುವ ಕಂಬಳಿಗೆ ಹುಡುಗಿಯ ಹೆತ್ತ ತಾಯಿಯೇ ನೂಲಬೇಕು. ಬೇರೆ ಕೈ ಸೇರಿಸುವಂತಿಲ್ಲ. ತಾಯಿ ತೀರಿಕೊಂಡಿದ್ದರೆ ಮಾತ್ರ ದೊಡ್ಡಮ್ಮನೋ ಚಿಕ್ಕಮ್ಮನೋ ನೂಲುತ್ತಿದ್ದರು. ಅವ್ವ ಕರೀ ಮರಿಗಳ ಮೊದಲ ಉಣ್ಣೆಯನ್ನು ನನಗೆಂದೇ ಎತ್ತಿಟ್ಟು, ಕಂಬಳಿಯ ಹಾಸಿಗೆ, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿಯುವ ಎಳೆಗಳಿಗೆ ಸಾಲುವಷ್ಟು ನೂಲಿ ಮುಗಿಸಿದ್ದಳು. ಅಡ್ಡಕ್ಕೆ ಹೊಡೆಯುವ ಹೊಕ್ಕಿನ ನೂಲು ಬಾಕಿ ಇತ್ತು.

ಹಿರಿಯೂರಿನ ಆಚೆ ಆದಿವಾಲದ ಕಡೆ ಮೂಳೆ ಕಟ್ಟುವ ಒಬ್ಬರು ಇದ್ದಾರೆಂದು ಅಪ್ಪ ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದ. ಅವರು ಬಿದಿರು ದಬ್ಬೆ ಇಟ್ಟು ಕಟ್ಟಿ, ಬಿಚ್ಚಬೇಡವ್ವ ಎಂದು ನೂರು ಸಲ ಹೇಳಿ ಕಳಿಸಿದ್ದರು. ನಮ್ಮವ್ವ ಕೇಳುವ ಹೆಂಗಸೇ? ಮುದ್ದೆ ತಿರುವಬೇಕು, ಬಟ್ಟೆ ಒಗೆಯಬೇಕು ಎಂದು ಮೂಳೆ ಕೂಡುವ ಮೊದಲೇ ಕಟ್ಟು ಬಿಚ್ಚಿ ಎಸೆದಳು. ಕೈ ಸೊಟ್ಟಗೆ ಕೂಡಿಕೊಂಡಿತು. ಬೆರಳು ಮಡಿಸಲು ಬರಲಿಲ್ಲ. ಹಿಡಿದದ್ದೆಲ್ಲ ಸೋರಿಹೋಗುತ್ತಿತ್ತು.

ಆಮೇಲೆ ಶುರುವಾಯಿತು ಎಡಗೈ ಸಂಸಾರ. ಗುಡಿಸುವುದು, ನೀರು ಸೇದುವುದು ಹೇಗೋ ನಡೆಯಿತು. ಬಡಿಸುವುದು ಮಾತ್ರ ನಡೆಯಲಿಲ್ಲ. ಎಡಗೈಯಲ್ಲಿ ಅನ್ನ ಬಡಿಸುವುದುಂಟೇ? ಅಡಿಗೆ ಮಾಡಿದವಳು ಒಳಗೆ ನಿಲ್ಲುವುದು, ನಾನು ಹೊರಗೆ ಬಡಿಸುವುದು ಎಂದಾಯಿತು. ನೆಂಟರು ಬಂದರೆ ಅವ್ವ ಬಾಗಿಲ ಮರೆಗೆ ಸರಿಯುತ್ತಿದ್ದಳು.

ಆದರೂ ಕದಿರು ಬಿಡಲಿಲ್ಲ ಅವಳು. ಎಡಗೈಗೆ ಹಾಕಿಕೊಂಡು, ಎಡತೊಡೆಯ ಮೇಲೆ ಉಜ್ಜಿ ಉಜ್ಜಿ ಕಲಿತಳು. ಮೊದಮೊದಲು ಎಳೆ ಒಂದು ಕಡೆ ಹಗ್ಗದಷ್ಟು ದಪ್ಪ, ಇನ್ನೊಂದು ಕಡೆ ಕೂದಲಷ್ಟು ಸಣ್ಣ. ಬರಬರುತ್ತಾ ಹದವಾಯಿತು. ಆ ಹೊಸ ನೂಲನ್ನು ಮನೆಯಲ್ಲಿದ್ದ ಬೇರೆ ಹಳೆಯ ಬಲಗೈ ನೂಲಿನ ಉಂಡೆಗಳ ಜೊತೆಗೇ ಬೆರೆಸಿ ಅಪ್ಪ ದೊಡ್ಡಪ್ಪನಿಗೆ ಒಂದು ಕಂಬಳಿ ನೇಯ್ದುಕೊಟ್ಟ. ಒಣಗಿದ್ದಾಗ ಚೆನ್ನಾಗಿಯೇ ಇತ್ತು. ದೊಡ್ಡಪ್ಪ ಅದನ್ನು ಹೊದ್ದು ಕುರಿಯ ಹಿಂದೆ ಹೋದ. ಅಡ್ಡಮಳೆಯಲ್ಲಿ ನೆನೆದು ವಾಪಸು ಬಂದಾಗ ಕಂಬಳಿ ಸುಟ್ಟ ಹಪ್ಪಳದ ಹಾಗೆ ಸುಕ್ಕುಸುಕ್ಕಾಗಿ ಮುದುಡಿಹೋಗಿತ್ತು. ಕಂಬಳಿ ನೇಯ್ದಿದ್ದೀಯೋ ಹಪ್ಪಳ ಒತ್ತಿದ್ದೀಯೋ ಎಂದು ದೊಡ್ಡಪ್ಪ ಅಪ್ಪನನ್ನು ಕೇಳಿ ನಕ್ಕ. ಅವನ ನಗುವಿನಲ್ಲಿ ಕೆಡುಕಿರಲಿಲ್ಲ. ಅಪ್ಪ ಎರಡು ಎಳೆ ಎಳೆದು ಬೆಳಕಿಗೆ ಹಿಡಿದು ನೋಡಿದ. ಬಲಗೈ ನೂಲು ಒಂದು ಕಡೆಗೆ ತಿರುಚಿಕೊಂಡಿತ್ತು, ಎಡಗೈ ನೂಲು ಅದಕ್ಕೆ ಎದುರಾಗಿ. ಪಕ್ಕಪಕ್ಕ ಕೂತ ಅವೆರಡೂ ನೀರು ಬೀಳುತ್ತಲೇ ಒಂದು ಅತ್ತ, ಇನ್ನೊಂದು ಇತ್ತ ಎಳೆದಾಡಿದ್ದವು.

ಅವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಕದಿರನ್ನು ಸೂರಿನ ಗಳುವಿಗೆ ಸಿಕ್ಕಿಸಿ ಒಳಗೆ ಹೋದಳು.

ಮಾರನೆಯ ದಿನ ದೊಡ್ಡಮ್ಮ ಬಂದು, ಹಸೆ ಕಂಬಳಿಯ ಉಳಿದ ನೂಲು ನಾನು ತೆಗೆದುಕೊಡುತ್ತೇನೆ, ನೀನ್ಯಾಕೆ ಕೊರಗ್ತೀಯ ಎಂದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನಾನೂ ಬಾಯಿ ಹಾಕಿ, ಕಂಬಳಿಯೇ ಬೇಡ ಬಿಡವ್ವ, ಚಿತ್ರದುರ್ಗದ ಅಂಗಡಿಯಲ್ಲಿ ಹೂವಿನ ರಗ್ಗು ಸಿಗುತ್ತದೆ ಎಂದೆ. ಅವ್ವ ಒಲೆಯ ಮುಂದಿನಿಂದ ತಿರುಗಿಯೂ ನೋಡಲಿಲ್ಲ.

"ತಾಯಿ ಸತ್ತ ಹುಡುಗೀರಿಗೆ ದೊಡ್ಡಮ್ಮ ನೂಲ್ತಾರೆ," ಎಂದಳು. "ನಾನಿನ್ನೂ ಸತ್ತಿಲ್ಲ."

ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಅಪ್ಪ ಮಗ್ಗಕ್ಕೆ ಕೂರುವುದನ್ನೇ ಕಡಿಮೆ ಮಾಡಿದ. ಮದುವೆ ಮನೆ ಎಂಬ ಕಳೆಯೇ ನಮ್ಮ ಮನೆಯಲ್ಲಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ದೊಡ್ಡಪ್ಪ ಅಂಗಳದಲ್ಲಿ ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತಿದ್ದ. ತುದಿ ಹಿಡಿಯಲು ಯಾರೂ ಸಿಗಲಿಲ್ಲವೆಂದು ಅವ್ವನನ್ನು ಕರೆದ. ಅವಳು ಎಡಗೈಯಲ್ಲಿ ತುದಿ ಹಿಡಿದು ನಿಂತಳು. ದೊಡ್ಡಪ್ಪ ಎಳೆಗಳನ್ನು ಒಂದು ಕಡೆಗೆ ತಿರುಚಿದ, ಆಮೇಲೆ ಅವನ್ನೆಲ್ಲ ಸೇರಿಸಿ ಅದಕ್ಕೆ ಎದುರು ಕಡೆಗೆ ಹುರಿ ಹಾಕಿದ. ಹುಟ್ಟಿದಾಗಿನಿಂದ ನಾವೆಲ್ಲ ನೋಡಿದ ಕೆಲಸವೇ. ಆದರೆ ಅವ್ವ ಅವತ್ತು ಅದನ್ನು ಹೊಸದಾಗಿ ಕಂಡವಳಂತೆ ನೋಡುತ್ತಿದ್ದಳು. ಹಗ್ಗ ಮುಗಿದದ್ದೇ ತಡ, ಒಳಗೆ ಬಂದು ಗಳುವಿನಿಂದ ಕದಿರು ಕಿತ್ತುಕೊಂಡು ಅಪ್ಪನ ಮುಂದೆ ಕೂತಳು.

"ನೋಡ್ರಿ, ಎಳೆ ತಿರುಚಿದ ಕಡೀಗೇ ಹಗ್ಗಾನೂ ತಿರುಚಿದ್ರೆ ಬಿಚ್ಕಂಡು ಹೋಗ್ತೈತೆ. ಎದುರ್ಗಡೀಗೆ ತಿರುಚಿದ್ರೇನೆ ಹಿಡಿಯಾದು. ನನ್ನ ಹಳೇ ನೂಲು ಹಾಸಿಗಿರ್ಲಿ. ಎಡಗೈದನ್ನ ಹೊಕ್ಕಿಗೆ ಹಾಕ್ರಿ. ಒಂದೇ ಕಡೀಗೆ ಎರಡೂನೂ ಬೆರೆಸ್ಬ್ಯಾಡ್ರಿ."

"ಲೇ, ಹಗ್ಗಾನೇ ಬ್ಯಾರೆ, ಕಂಬ್ಳೀನೇ ಬ್ಯಾರೆ," ಎಂದ ಅಪ್ಪ. ಅಂದನೇ ಹೊರತು ಎದ್ದು ಹೋಗಲಿಲ್ಲ. ಅವಳು ಹೇಳಿದಂತೆ ಅಂಗೈಯಗಲದ ಒಂದು ತುಂಡು ನೇಯ್ದು, ನೀರಿನಲ್ಲಿ ಚೆನ್ನಾಗಿ ಹಿಸುಕಿ, ಬಿಸಿಲಿಗೆ ಹಾಕಿದ. ಅದು ಒಣಗುವವರೆಗೂ ನಾವು ಮೂವರೂ ಹೆರಿಗೆ ಮನೆಯ ಹೊರಗೆ ಕೂತವರಂತೆ ಕೂತಿದ್ದೆವು. ಒಣಗಿದ ತುಂಡು ಕಲ್ಲಿನ ಮೇಲೆ ಚಪ್ಪಟೆಯಾಗಿ ಮಲಗಿತ್ತು. ಒಂದು ಸುಕ್ಕೂ ಇಲ್ಲ. ಅಪ್ಪ ಅದನ್ನು ಕೆನ್ನೆಗೆ ಒತ್ತಿ ನೋಡಿಕೊಂಡ. ಎಳೆಗಳು ಒಂದರೊಳಗೊಂದು ಕೂತು ಅದು ಹಳೆಯ ನೇಯ್ಗೆಗಿಂತ ಮೆತ್ತಗೂ ದಟ್ಟವಾಗಿಯೂ ಇತ್ತು. ಅಪ್ಪ ಆ ತುಂಡನ್ನು ಯಾರಿಗೂ ಕೊಡದೆ ತನ್ನ ಅಂಗಿಯ ಜೇಬಿನಲ್ಲಿಟ್ಟುಕೊಂಡ.

ಅವ್ವ ಯುಗಾದಿಯವರೆಗೂ ನೂಲಿದಳು. ಸೊಟ್ಟಗಾದ ಬಲಗೈಯಲ್ಲಿ ಉಣ್ಣೆಯನ್ನು ಒತ್ತಿಕೊಂಡು, ಎಡಗೈಯಲ್ಲಿ ಕದಿರು ಉಜ್ಜುತ್ತಾ, ನನಗೆ ಬುದ್ಧಿ ಹೇಳುತ್ತಾ. ಕುರಿಯೇ ಇಲ್ಲದ ಹೊಲದವರ ಮನೆಗೆ ಹೋಗುತ್ತಿದ್ದೇನೆ, ಅಲ್ಲಿ ನನಗೇನು ಗೊತ್ತು ಎಂದು ನಾನು ಅತ್ತರೆ, ಈ ಕೈಯಲ್ಲಿ ಆಗದಿದ್ದರೆ ಆ ಕೈ ನೋಡು ಎನ್ನುತ್ತಿದ್ದಳು. ನನಗೆ ಆಗ ಅದು ಉಪದೇಶದಂತೆ ಕೇಳಿಸಿ ರೇಗುತ್ತಿತ್ತು. ಬಿ.ದುರ್ಗದಲ್ಲಿ ನಾಟಿ ಕಲಿಯುವಾಗ, ಕಳೆ ಕೀಳುವಾಗ, ಆಮೇಲೆ ಬದುಕು ಎಷ್ಟೋ ಸಲ ಬೆನ್ನಿಗೆ ಗುದ್ದಿದಾಗ, ಅದೇ ಮಾತು ಹಿಡಿದು ಎದ್ದಿದ್ದೇನೆ.

ಮದುವೆಯ ದಿನ ಚಪ್ಪರದ ಕೆಳಗೆ ಆ ಕರೀ ಕಂಬಳಿ ಹಾಸಿ ನಮ್ಮಿಬ್ಬರನ್ನೂ ಕೂರಿಸಿದರು. ಒಬ್ಬೊಬ್ಬರಾಗಿ ಬಂದು ಅಕ್ಕಿಕಾಳು ಹಾಕಿದರು. ಕೊನೆಗೆ ಅವ್ವನ ಸರದಿ ಬಂತು. ಬಲಗೈಯಲ್ಲಿ ಅಕ್ಕಿ ಹಿಡಿದಳು, ಎಲ್ಲ ನೆಲಕ್ಕೆ ಸೋರಿತು. ಎಡಗೈ ತಟ್ಟೆಯ ಕಡೆಗೆ ಹೋಗಿ ಅಲ್ಲೇ ನಿಂತಿತು. ಗಂಡಿನ ಕಡೆಯ ಹಿರಿಯ ಹೆಂಗಸೊಬ್ಬರು, ಎಡಗೈಯಲ್ಲಿ ಬೇಡವ್ವ, ಶುಭಕಾರ್ಯ, ದೊಡ್ಡಮ್ಮನೇ ಹಾಕಲಿ ಎಂದರು. ಅವ್ವ ಸುಮ್ಮನೆ ಹಿಂದೆ ಸರಿದಳು. ನೆಂಟರು ಬಂದಾಗ ಬಾಗಿಲ ಮರೆಗೆ ಸರಿಯುತ್ತಿದ್ದ ಹಾಗೆಯೇ. ನನಗೆ ತಡೆಯಲಾಗಲಿಲ್ಲ. ಮದುಮಗಳು ತುಟಿ ಬಿಚ್ಚಬಾರದು ಎಂಬುದನ್ನು ಮರೆತು, ಅವ್ವ ಹಾಕದಿದ್ದರೆ ನಾನು ಹಸೆಯಿಂದ ಏಳುವುದಿಲ್ಲ ಎಂದುಬಿಟ್ಟೆ.

ನಾಲ್ಕು ಜನರ ಮುಂದೆ ಮಾತಾಡದ ನನ್ನ ಅಪ್ಪ ಮುಂದೆ ಬಂದ.

"ಅವರು ಕುಂತಿರಾ ಕಂಬ್ಳಿ ಅರ್ಧ ಆ ಕೈದೇ ಐತೆ," ಎಂದ. "ಆ ಕೈ ಆಗ್ಬರಲ್ಲ ಅಂದ್ರೆ, ಮೊದ್ಲು ಇಬ್ರೂ ಅದರ ಮ್ಯಾಲಿಂದ ಇಳೀಲಿ."

ಅಲ್ಲಿಯವರೆಗೆ ನಾನು ಸರಿಯಾಗಿ ಮುಖವನ್ನೂ ನೋಡಿರದ ನನ್ನ ಗಂಡ ಅವ್ವನ ಕಡೆ ತಿರುಗಿ ತಲೆ ಬಗ್ಗಿಸಿದ. ಅವನನ್ನು ನಾನು ಇಷ್ಟಪಟ್ಟದ್ದು ಆ ಗಳಿಗೆಯಲ್ಲೇ. ಅವ್ವ ಎಡಗೈ ತುಂಬ ಅಕ್ಕಿ ತೆಗೆದುಕೊಂಡು ಮೊದಲು ಅವನ ತಲೆಗೆ ಹಾಕಿದಳು, ಆಮೇಲೆ ನನ್ನ ತಲೆಗೆ. ಅಕ್ಕಿಯೆಲ್ಲ ಮುಗಿದ ಮೇಲೂ ಆ ಕೈ ನನ್ನ ತಲೆಯ ಮೇಲೆಯೇ ಇತ್ತು.