ಕಾರ್ತೆಲಿನ ಮೂವತ್ತೆರಡನೇ ದಿನ

ಮಳೆಗಾಲಕ್ಕೆ ಉಪ್ಪುಸೊಳೆ ಹಾಕಿಡಲು ಹಲಸಿನಕಾಯಿ ಬಿಡಿಸುತ್ತ ಕೂತಿದ್ದಾಗ ಮಗಳ ಫೋನು ಬಂತು. ನನ್ನ ಎರಡೂ ಕೈಗೆ ತೆಂಗಿನೆಣ್ಣೆ, ಅದರ ಮೇಲೆ ಮೇಣ. ಫೋನು ಮುಟ್ಟುವ ಹಾಗಿರಲಿಲ್ಲ. ಎದುರಿಗೆ ಕೂತು ಬೀಜ ಬೇರೆ ಮಾಡುತ್ತಿದ್ದ ಅತ್ತೆ ಸೆರಗಿಗೆ ಬೆರಳು ಒರೆಸಿಕೊಂಡು, ಸ್ಪೀಕರು ಹಾಕಿ, ಫೋನನ್ನು ಮಣೆಯ ಮೇಲಿಟ್ಟರು.

"ಅಮ್ಮ, ಸರ್ ಪ್ರಾಜೆಕ್ಟ್ ವಾಪಸ್ ಕೊಟ್ರು."

"ಯಾಕೆ, ಎಂತಾಯ್ತು?"

"ಲೆಕ್ಕ ಒಂದಕ್ಕೊಂದು ಕೂಡುದಿಲ್ಲ ಅಂತೆ. ಸೋಮವಾರ ಸರಿ ಮಾಡಿ ಕೊಡದಿದ್ರೆ ಇನ್ನು ಮುಂದಿನ ವರ್ಷವೇ."

"ಹಾಗಾದ್ರೆ ಆ ಬೇಕರಿ ಕೆಲಸ?"

ಪುತ್ತೂರು ಬಸ್ ಸ್ಟ್ಯಾಂಡಿನ ಗಲಾಟೆ ಹಿಂದಿನಿಂದ ಕೇಳುತ್ತಿತ್ತು. "ಅದು ಹೋಯ್ತು ಅಂತ ಲೆಕ್ಕ" ಅಂದು ಇಟ್ಟಳು. ಅಂದು ಗುರುವಾರ. ಕೈ ತನ್ನಷ್ಟಕ್ಕೆ ಸೊಳೆ ಬಿಡಿಸುತ್ತಿತ್ತು. ಮನಸ್ಸಿನಲ್ಲಿ ನಮ್ಮ ದೇವರಿಗೆ ಒಂದು ಹೂವಿನ ಪೂಜೆ ಹೇಳಿಕೊಂಡೆ. ನನಗೆ ಹರಕೆ ಹೇಳುವ ಅಭ್ಯಾಸ ಸ್ವಲ್ಪ ಜಾಸ್ತಿಯೇ, ನಮ್ಮ ಯಜಮಾನರು ಅದಕ್ಕೆ ತಮಾಷೆ ಮಾಡುವುದೂ ಉಂಟು.

ಮಗಳು ಪುತ್ತೂರಿನ ಕಾಲೇಜಿನಲ್ಲಿ ಓದುತ್ತಿದ್ದದ್ದು ಡೇಟಾ ಸೈನ್ಸ್ ಮತ್ತು ಬಿಸಿನೆಸ್ ಅನಾಲಿಟಿಕ್ಸ್. ಸೇರಿಸುವಾಗ ಅದೇನೆಂದು ನಮಗೆ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮರ್ಕಂಜದ ನನ್ನ ತವರಿನಲ್ಲಿ ಅತ್ತಿಗೆ ಕೇಳಿದಾಗ, ಮಗಳು ಹೇಳಿಕೊಟ್ಟದ್ದನ್ನೇ ಹೇಳಿದೆ, "ಕಳೆದ ದಿನಗಳದ್ದೆಲ್ಲ ಬರೆದಿಟ್ಟದ್ದನ್ನು ನೋಡಿ, ನಾಳೆ ಎಷ್ಟು ಬೇಕಾಗ್ತದೆ ಅಂತ ಹೇಳುದು."

"ಓ, ಕವಡೆ ಹಾಕುದು" ಅಂದಳು ಅತ್ತಿಗೆ. "ಅದಕ್ಕೆ ಮೂರು ವರ್ಷ ಬಸ್ಸಿನಲ್ಲಿ ಹೋಗ್ಬೇಕಾ?"

ಈ ಓದಿಗೆ ಕೆಲಸ ಬೆಂಗಳೂರಿನಲ್ಲೇ ಇರುವುದು ಎಂದುಕೊಂಡಿದ್ದೆ. ಆದರೆ ಅವಳನ್ನು ಕೆಲಸಕ್ಕೆ ಕೇಳಿದವರು ಪುತ್ತೂರಿನ ಒಂದು ಬೇಕರಿಯವರು. ಸುಳ್ಯ, ಕಡಬ, ಸುಬ್ರಹ್ಮಣ್ಯದ ಅಂಗಡಿಗಳಿಗೆಲ್ಲ ದಿನಾ ಬೆಳಿಗ್ಗೆ ಅವರ ವ್ಯಾನು ಹೋಗುತ್ತದೆ. ಒಂದು ಅಂಗಡಿಯಲ್ಲಿ ಬನ್ನು ಉಳಿದು ಹಳಸುತ್ತದೆ, ಇನ್ನೊಂದರಲ್ಲಿ ಹತ್ತು ಗಂಟೆಗೇ ಮುಗಿಯುತ್ತದೆ. ಯಾವ ದಿನ ಯಾವ ಅಂಗಡಿಗೆ ಎಷ್ಟು ಎಂದು ಮೊದಲೇ ಅಂದಾಜು ಮಾಡಲು ಅವರಿಗೆ ಒಬ್ಬರು ಬೇಕಿತ್ತು. ಮಗಳನ್ನು ಮಾತಾಡಿಸಿ ಒಪ್ಪಿದ್ದರು. ಈ ವರ್ಷವೇ ಪಾಸಾಗಬೇಕು ಎಂಬ ಒಂದೇ ಮಾತು.

ಪ್ರಾಜೆಕ್ಟಿಗೆ ಅವಳು ಹಿಡಿದದ್ದು ನಮ್ಮ ಊರಿನ ದೇವಸ್ಥಾನದ ಮಧ್ಯಾಹ್ನದ ಊಟವನ್ನು. ಅದನ್ನು ತಲೆಗೆ ಹಾಕಿದವಳು ನಾನೇ. ಪ್ರತಿ ಸೋಮವಾರ ನಾವು ಏಳೆಂಟು ಹೆಂಗಸರು ಅಲ್ಲಿ ತರಕಾರಿ ಹೆಚ್ಚಲು ಹೋಗುತ್ತೇವೆ. ಅಡಿಗೆ ಭಟ್ರು ಹತ್ತು ಗಂಟೆಗೆ ಹೊರಗೆ ಬಂದು, ಅಂಗಳ ನೋಡಿ, ಅಕ್ಕಿ ಎಷ್ಟೆಂದು ಹೇಳುತ್ತಾರೆ. ಕೆಲವು ದಿನ ಅನ್ನ ಉಳಿದು ದನಗಳ ಪಾಲಾಗುತ್ತದೆ. ಕೆಲವು ದಿನ ಸಾಲದೆ, ಜನ ಕೈ ತೊಳೆದುಕೊಂಡು ಕಾಯಬೇಕಾಗುತ್ತದೆ. ದಿನಕ್ಕೆ ಎಷ್ಟು ಎಲೆ ಹಾಕಿದರು ಎಂದು ಕಚೇರಿಯಲ್ಲಿ ಒಂದು ಪುಸ್ತಕ ಉಂಟು. ಬರೆಯುವವರು ಎಪ್ಪತ್ತು ದಾಟಿದವರು, ಮಕ್ಕಳಿಗೆಲ್ಲ ಅಜ್ಜ. ಮಗಳು ಮೂರು ವರ್ಷದ ಪುಟಗಳ ಫೋಟೋ ತೆಗೆದು, ಒಂದೊಂದೇ ಸಾಲನ್ನು ಕಂಪ್ಯೂಟರಿಗೆ ಹಾಕಿದ್ದಳು. ನಾಳೆ ಎಷ್ಟು ಎಲೆ ಬೇಕು ಎಂದು ಅದು ಹೇಳಬೇಕು.

ಸಂಜೆಯ ಬಸ್ಸಿಗೆ ಬಂದವಳು ಚಾ ಸಹ ಕುಡಿಯದೆ ಜಗಲಿಯಲ್ಲಿ ಲ್ಯಾಪ್‌ಟಾಪು ಬಿಚ್ಚಿದಳು. ನಾನು ಕೈಯ ಮೇಣ ಉಜ್ಜಿಕೊಳ್ಳುತ್ತ ಹತ್ತಿರ ಕೂತೆ. ಅದರಲ್ಲಿ ಏಳು ನೀಲಿ ಕಂಬಗಳು, ಭಾನುವಾರದಿಂದ ಶನಿವಾರದವರೆಗೆ. ಎಲ್ಲ ಕಂಬಗಳೂ ಹೆಚ್ಚುಕಡಿಮೆ ಒಂದೇ ಎತ್ತರ.

"ಸೋಮವಾರದ್ದು ಯಾವುದು?" ಅಂತ ಕೇಳಿದೆ.

"ಇದು."

"ಬುಧವಾರದ್ದು?"

"ಇದು."

"ಇದು ನಮ್ಮ ದೇವಸ್ಥಾನದ್ದೇ ಹೌದಾ?"

ಅವಳಿಗೆ ಸಿಟ್ಟು ಬಂತು. "ಅಮ್ಮ, ಸರ್ ಹೇಳಿದ್ದನ್ನೇ ನೀನೂ ಹೇಳ್ಬೇಡ."

"ಸರ್ ಎಂತ ಹೇಳಿದ್ರು?"

"ಶಿವನ ದೇವಸ್ಥಾನದಲ್ಲಿ ಸೋಮವಾರಕ್ಕೂ ಬುಧವಾರಕ್ಕೂ ವ್ಯತ್ಯಾಸವೇ ಇಲ್ವಾ, ಒಮ್ಮೆ ಹೋಗಿ ನೋಡಿದ್ದೀಯಾ ಅಂತ."

ಅವರು ಘಟ್ಟದ ಮೇಲಿನವರು. ಅವರಿಗೆ ಕಂಡದ್ದು ಇವಳಿಗೆ ಕಾಣಲಿಲ್ಲವಲ್ಲ ಎಂದು ನನಗೆ ಒಳಗೊಳಗೇ ನಾಚಿಕೆಯಾಯಿತು. ಸೋಮವಾರ ಬೆಳಿಗ್ಗೆ ನಾನು ಎರಡು ಬುಟ್ಟಿ ಸೌತೆಕಾಯಿ ಹೆಚ್ಚಿ ಸೊಂಟ ಹಿಡಿದುಕೊಂಡು ಬರುವುದನ್ನು ನೋಡುತ್ತಲೇ ಬೆಳೆದವಳು.

"ಪುಸ್ತಕದಲ್ಲೇ ತಪ್ಪು ಇರುದು" ಅಂದಳು ಮಗಳು. "ಅಜ್ಜ ಸುಮ್ಮನೆ ತೋಚಿದ್ದು ಬರ್ದದ್ದು. ಕಾರ್ತೆಲಿಗೆ ಮೂವತ್ತೆರಡನೇ ದಿನ ಬರ್ದಿದ್ದಾರೆ, ನೋಡು. ಮೂವತ್ತೆರಡು ದಿನ ಇರುವ ತಿಂಗಳು ಎಲ್ಲಾದ್ರೂ ಉಂಟಾ? ಆ ಥರದ್ದನ್ನೆಲ್ಲ ನಾನೇ ಅಳಿಸಿದೆ. ಬರೆದವರ ತಪ್ಪು ಅಂತ ರಿಪೋರ್ಟಿನಲ್ಲೂ ಹಾಕಿದ್ದೇನೆ."

ದೇವರ ಕೋಣೆಯಲ್ಲಿ ದೀಪಕ್ಕೆ ಬತ್ತಿ ಹಾಕುತ್ತಿದ್ದ ಅತ್ತೆ ಅಲ್ಲಿಂದಲೇ ಹೇಳಿದರು, "ಉಂಟು."

"ಎಂತ ಉಂಟು ಅಜ್ಜಿ?"

"ಮೂವತ್ತೆರಡು. ಕಾರ್ತೆಲಿಗೆ ಬರ್ತದೆ. ಎಲ್ಲ ವರ್ಷ ಇಲ್ಲ. ಒಮ್ಮೊಮ್ಮೆ."

ಮಗಳು ತಲೆ ಎತ್ತಿದಳು. ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಸಂಕ್ರಮಣದ ಮರುದಿನ ಒಂದು. ಅಲ್ಲಿಂದ ಮುಂದಿನ ಸಂಕ್ರಮಣದವರೆಗೆ ಎಣಿಸಿಕೊಂಡು ಹೋಗುದು. ಸೂರ್ಯ ನಿಧಾನ ಹೋದ್ರೆ ತಿಂಗಳು ಉದ್ದ. ನೀನು ಹೇಗೆ ಎಣಿಸಿದ್ದು?"

ಅವಳು ಎಣಿಸಿಯೇ ಇರಲಿಲ್ಲ. ಅಜ್ಜ ಬರೆಯುವುದು ತುಳು ತಿಂಗಳುಗಳಲ್ಲಿ: ಕಾರ್ತೆಲ್, ಆಟಿ, ಸೋಣ, ಹೀಗೆ. ಇಂಗ್ಲಿಷ್ ತಾರೀಕು ಇಲ್ಲ, ವಾರವೂ ಇಲ್ಲ. ಮಗಳು ಕಾರ್ತೆಲನ್ನು ಜ್ಯೇಷ್ಠ ಎಂದೂ, ಆಟಿಯನ್ನು ಆಷಾಢ ಎಂದೂ, ಸೋಣವನ್ನು ಶ್ರಾವಣ ಎಂದೂ ತಿಳಿದುಕೊಂಡು, ಫೋನಿನ ಪಂಚಾಂಗದಿಂದ ತಾರೀಕು ಹಾಕಿದ್ದಳು. ಆ ಪಂಚಾಂಗ ಚಂದ್ರನನ್ನು ನೋಡಿ ಎಣಿಸುವಂಥದ್ದು. ಅಜ್ಜ ಎಣಿಸುವುದು ಸೂರ್ಯನನ್ನು ನೋಡಿ. ಒಂದು ವರ್ಷ ಹನ್ನೆರಡು ದಿನ ಆಚೀಚೆ, ಇನ್ನೊಂದು ವರ್ಷ ಇಪ್ಪತ್ತಕ್ಕೂ ಹೆಚ್ಚು. ಸೋಮವಾರದ ಎಲೆಗಳೆಲ್ಲ ಗುರುವಾರಕ್ಕೋ ಶನಿವಾರಕ್ಕೋ ಹೋಗಿ ಬಿದ್ದಿದ್ದವು. ಕಂಬಗಳು ಒಂದೇ ಎತ್ತರವಾದದ್ದು ಹಾಗೆ.

"ಶುರುವಿಗೆ ಒಂದು ವರ್ಷದ್ದು ಹಾಕಿ ನೋಡಿದ್ದೆ ಅಮ್ಮ, ಅದು ಸರಿಯೇ ಬಂದಿತ್ತು" ಅಂದಳು. ಅವಳು ಹಾಕಿ ನೋಡಿದ್ದು ಅಧಿಕಮಾಸ ಬಂದ ವರ್ಷದ್ದು, ಅದೂ ಸೋಣ ತಿಂಗಳು ಮಾತ್ರ. ಹೆಚ್ಚಿನ ತಿಂಗಳೊಂದು ಸೇರಿಕೊಂಡು ಆ ವರ್ಷ ಸೋಣವೂ ಶ್ರಾವಣವೂ ಹೆಚ್ಚುಕಡಿಮೆ ಒಟ್ಟಿಗೇ ಶುರುವಾಗಿದ್ದವು.

ಇನ್ನೊಂದು ಮಾತನ್ನೂ ಇಲ್ಲಿ ಬರೆಯಬೇಕು. ಅವಳು ಸಣ್ಣವಳಿದ್ದಾಗ ಸೋಣ ಅಂದರೆ ಯಾವ ತಿಂಗಳು ಎಂದು ಕೇಳಿದ್ದಳು. ಶ್ರಾವಣವೇ ಅಂತ ಹೇಳಿದವಳು ನಾನು. ನಮ್ಮ ಕಡೆ ಎಲ್ಲರೂ ಹಾಗೆ ಹೇಳುತ್ತೇವೆ. ಪೂಜೆಗೆ ಪಂಚಾಂಗ ನೋಡುವಾಗ ಸರಿಯಾಗಿಯೇ ನೋಡುತ್ತೇವೆ, ಬಾಯಿಮಾತಿಗೆ ಎರಡನ್ನೂ ಒಂದು ಮಾಡುತ್ತೇವೆ. ನಾನು ಅದನ್ನು ಅವಳಿಗೆ ಆಗಲೇ ಹೇಳಿದೆ. "ನೀನು ಹೇಳಿದ್ದು ಅಂತ ರಿಪೋರ್ಟಿನಲ್ಲಿ ಹಾಕ್ಲಾ?" ಅಂದಳು. ನಗುವಷ್ಟಾದರೂ ಆಯಿತಲ್ಲ ಎಂದು ಚಾ ಬಿಸಿ ಮಾಡಲು ಎದ್ದೆ.

ಇನ್ನು ಬೇಕಾದದ್ದು ಮೂರು ವರ್ಷದ ಸಂಕ್ರಮಣಗಳು. ಮೂವತ್ತಾರು ತಾರೀಕು ಸಿಕ್ಕಿದರೆ ಉಳಿದ ದಿನಗಳನ್ನು ಕಂಪ್ಯೂಟರೇ ಎಣಿಸುತ್ತದೆ ಅಂದಳು. ಫೋನಿನಲ್ಲಿ ಹುಡುಕಿದರೆ ಸಿಗುತ್ತಿತ್ತೋ ಏನೋ. ಒಮ್ಮೆ ಅದನ್ನು ನಂಬಿ ಕೆಟ್ಟವಳು ಈ ಸಲ ಅಚ್ಚಾದ ಪಂಚಾಂಗವೇ ಬೇಕು ಅಂತ ಹಟ ಹಿಡಿದಳು. ಹಳೆಯವನ್ನು ಬಚ್ಚಲ ಒಲೆಗೆ ಹಾಕೋಣ ಎಂದು ನಾನು ಪ್ರತಿ ವರ್ಷ ಹೇಳುವುದು, ದೇವರ ಹೆಸರು ಇರುವ ಪುಸ್ತಕ ಸುಡಬಾರದು ಎಂದು ಅತ್ತೆ ತಡೆಯುವುದು. ಅಟ್ಟದಿಂದ ಕಟ್ಟು ಇಳಿಸಿದೆವು. ಬೇಕಾದ ಮೂರರಲ್ಲಿ ಒಂದನ್ನು ಒರಲೆ ಹುಳ ತಿಂದಿತ್ತು. ಒಂದನ್ನೇ ತಿಂದದ್ದು ದೇವರ ದಯೆ.

ಶುಕ್ರವಾರ ಬೆಳಿಗ್ಗೆ ಆ ಒಂದು ವರ್ಷದ ಪಂಚಾಂಗ ಕೇಳಲು ಇಬ್ಬರೂ ದೇವಸ್ಥಾನಕ್ಕೆ ಹೋದೆವು. ಅಜ್ಜ ಸೇವೆಯ ರಶೀದಿ ಬರೆಯುತ್ತಿದ್ದರು. ಮಗಳು ಮೊದಲು ಪಂಚಾಂಗ ಕೇಳಲಿಲ್ಲ. ನಾನು ಹೇಳಿಕೊಡದೆಯೇ, ತಾನು ಸಾಲುಗಳನ್ನು ಅಳಿಸಿದ್ದು, ತಪ್ಪು ನಿಮ್ಮದು ಅಂತ ಬರೆದದ್ದು ಎಲ್ಲ ಹೇಳಿಬಿಟ್ಟಳು.

ಅಜ್ಜ ಕನ್ನಡಕ ತೆಗೆದರು. "ಅಳಿಸಿದ್ದಾ? ಆ ದಿವಸ ಅಷ್ಟು ಜನ ಇಲ್ಲಿ ಕೂತು ಪಾಯಸ ಉಂಡು ಹೋಗಿದ್ದಾರಲ್ಲ ಮಾರಾಯ್ತಿ. ಅವರನ್ನು ಈಗ ಎಲ್ಲಿಗೆ ಕಳಿಸಿದ್ದು ನೀನು?"

"ತಪ್ಪಾಯ್ತು ಅಜ್ಜ."

"ತಿಂಗಳು ಉದ್ದ ಮಾಡಿದ್ದು ನಾನಲ್ಲ. ಅದಕ್ಕೆ ಮೇಲೆ ಒಬ್ಬ ಇದ್ದಾನೆ, ಬೇಕಾದ್ರೆ ಅವನ ಹತ್ರ ಕೇಳು." ಕಿಟಕಿಯ ಬಿಸಿಲಿನ ಕಡೆ ಬೆರಳು ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಇವಳನ್ನು ಓದಿಸಿದ್ದು ಸಾಲದು ಅಕ್ಕ, ಸ್ವಲ್ಪ ಎಣಿಸ್ಲಿಕ್ಕೆ ಕಲಿಸಿ" ಅಂದರು. ಬೇಸರದಿಂದ ಹೇಳಿದ್ದಲ್ಲ. ನಾವು ಕೇಳಿದ ವರ್ಷದ ಪಂಚಾಂಗವನ್ನು ಕಪಾಟಿನಿಂದ ತೆಗೆದುಕೊಟ್ಟರು, ಹೊರಗೆ ಒಯ್ಯಬಾರದು ಎಂಬ ಷರತ್ತಿನ ಮೇಲೆ. ಮಗಳು ಮೆಟ್ಟಿಲಲ್ಲಿ ಕೂತು ಹನ್ನೆರಡು ಸಂಕ್ರಮಣ ಬರೆದುಕೊಂಡು, ಪುಟಗಳ ಫೋಟೋ ತೆಗೆದಳು.

ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೆ "ಅಮ್ಮ, ಬಾ" ಅಂತ ಕರೆದಳು. ಸಾರಿನ ಸೌಟು ಕೈಯಲ್ಲಿ ಹಿಡಿದುಕೊಂಡೇ ಹೋದೆ. ಸೋಮವಾರದ ಕಂಬ ಉಳಿದ ಆರಕ್ಕಿಂತ ಎತ್ತರ ನಿಂತಿತ್ತು. ಸಂಕ್ರಮಣದ ದಿನಗಳು ಬೇರೆಯಾಗಿ ಎದ್ದು ಕಾಣುತ್ತಿದ್ದವು. ಆಟಿಯಲ್ಲಿ ಜನ ಕಡಿಮೆಯಾಗಿ ಸೋಣದಲ್ಲಿ ಏರುವುದೂ ಕಾಣುತ್ತಿತ್ತು. ನನಗೆ ಗೊತ್ತಿದ್ದದ್ದನ್ನೇ ಕಂಪ್ಯೂಟರು ಹೇಳಿತು, ಹೊಸತೇನಲ್ಲ. ಆದರೂ ನಾವು ಹೆಚ್ಚಿದ ಸೌತೆಕಾಯಿ ಅಲ್ಲಿ ಕಂಬವಾಗಿ ನಿಂತದ್ದು ನೋಡಿ ಒಂಥರಾ ಆಯಿತು.

ಒಂದು ಮಂಗಳವಾರ ಮಾತ್ರ ಸರಿಯಾಗಲಿಲ್ಲ. ಕಂಪ್ಯೂಟರು ಹೇಳಿದ್ದಕ್ಕಿಂತ ಎಲೆ ದುಪ್ಪಟ್ಟು. ಅವಳ ಬೆರಳು ಅಳಿಸುವ ಗುಂಡಿಯ ಮೇಲೆ ಹೋಗಿ ಅಲ್ಲಿಯೇ ನಿಂತಿತು. "ಆ ದಿನ ಎಂತಾದ್ರೂ ಆಗಿತ್ತಾ ಅಮ್ಮ?"

ಆಗಿತ್ತು. ಸುಬ್ರಹ್ಮಣ್ಯದ ದಾರಿಯಲ್ಲಿ ಮರ ಬಿದ್ದು, ಎರಡು ಬಸ್ಸಿನ ಯಾತ್ರಿಕರು ನಮ್ಮ ದೇವಸ್ಥಾನದಲ್ಲೇ ಇಳಿದಿದ್ದರು. ಭಟ್ರು ಮೂರು ಸಲ ಅಕ್ಕಿ ಹಾಕಿದ್ದರು. ನಮ್ಮನ್ನು ಫೋನು ಮಾಡಿ ಕರೆಸಿದ್ದರು, ಉಟ್ಟ ಸೀರೆಯಲ್ಲೇ ಓಡಿದ್ದೆ.

"ಇದನ್ನು ಮೊದಲೇ ತಿಳಿಯುದು ಹೇಗೆ?" ಅಂದಳು.

"ನಮಗೇ ತಿಳಿದಿರಲಿಲ್ಲ" ಅಂದೆ.

ಅವಳು ಆ ಸಾಲನ್ನು ಹಾಗೆಯೇ ಇಟ್ಟು, ಪಕ್ಕದಲ್ಲಿ ಮರ ಬಿದ್ದದ್ದನ್ನು ಬರೆದಳು. ಬರೆದವರ ತಪ್ಪು ಎಂದು ಹಾಕಿದ್ದ ಜಾಗದಲ್ಲಿ ತನ್ನ ತಪ್ಪು ಎಂದು ಬರೆದು, ತಿಂಗಳುಗಳನ್ನು ಎಣಿಸುವ ಕ್ರಮಕ್ಕೆ ಒಂದು ಪುಟ ಇಟ್ಟಳು. ಅದನ್ನು ಅತ್ತೆಗೆ ಓದಿ ಹೇಳಿದಳು. ಅತ್ತೆ ಎರಡು ಕಡೆ ತಿದ್ದಿಸಿದರು.

ಸೋಮವಾರ ಅವಳು ಮೊದಲ ಬಸ್ಸಿಗೆ ಹೋದಳು. ನಾನು ದೇವಸ್ಥಾನಕ್ಕೆ ಹೋಗಿ, ಎಂದಿನ ಹಾಗೆ ತರಕಾರಿ ಹೆಚ್ಚಿ, ಹೇಳಿಕೊಂಡ ಹೂವಿನ ಪೂಜೆ ಮಾಡಿಸಿ ಬಂದೆ. ಕೆಲಸ ಆಗುವ ಮೊದಲೇ ಹರಕೆ ತೀರಿಸುವುದುಂಟಾ ಎಂದು ಒಬ್ಬರು ಕೇಳಿದರು. ಸಿಟ್ಟಿನಲ್ಲಿದ್ದ ಹುಡುಗಿ ತಪ್ಪನ್ನು ತಾನೇ ಒಪ್ಪಿಕೊಂಡಳಲ್ಲ, ನನಗೆ ಅಷ್ಟೇ ಸಾಕು ಅನಿಸಿತ್ತು.

ಮೂರು ಗಂಟೆಗೆ ಫೋನು ಬಂತು.

"ಅಮ್ಮ, ಸರ್ ತಗೊಂಡ್ರು."

"ಎಂತ ಹೇಳಿದ್ರು?"

"ಮೊದಲಿಗೆ ತಿಂಗಳಿನ ಪುಟ ಓದಿದ್ರು. ಎರಡು ಸಲ. ಮತ್ತೆ, ಇದನ್ನು ಕೇಳಬೇಕಾದವರ ಹತ್ರ ಮೊದಲೇ ಕೇಳ್ಲಿಕ್ಕೆ ಎಂತ ಆಗಿತ್ತು ಅಂದ್ರು."

"ನೀನು ಎಂತ ಹೇಳಿದ್ದು?"

"ಗೊತ್ತುಂಟು ಅಂತ ಗ್ರಹಿಸಿದ್ದೆ ಅಂದೆ." ಮತ್ತೆ ಹೇಳಿದಳು, "ತಡ ಮಾಡಿದ್ದಕ್ಕೆ ಮಾರ್ಕು ಕಡಿಮೆ ಮಾಡ್ತಾರಂತೆ. ಪಾಸಿಗೆ ತೊಂದ್ರೆ ಇಲ್ಲ. ಬೇಕರಿಯವರಿಗೂ ಫೋನು ಮಾಡಿದೆ, ಪರೀಕ್ಷೆ ಮುಗಿದ ಮೇಲೆ ಬನ್ನಿ ಅಂದ್ರು."

ಪಕ್ಕದಲ್ಲಿ ಕಿವಿಗೊಟ್ಟು ಕೂತಿದ್ದ ಅತ್ತೆ ಫೋನಿನ ಹತ್ತಿರ ಬಾಗಿ ಹೇಳಿದರು, "ಬೇಕರಿಯಲ್ಲಿ ಲೆಕ್ಕ ಬರೆಯುವವ ಯಾವ ತಿಂಗಳಲ್ಲಿ ಬರೆಯುದು ಅಂತ ಮೊದಲು ಕೇಳು."

"ಹೂಂ ಅಜ್ಜಿ."

"ಊಟ ಮಾಡಿದ್ಯಾ?" ಅಂತ ನಾನು ಕೇಳಿದೆ.

"ಈಗ ಮಾಡ್ತೇನೆ."

ಫೋನು ಇಟ್ಟು, ದೇವರ ಕೋಣೆಯ ಬಾಗಿಲಲ್ಲಿ ನಿಂತು ಕೈಮುಗಿದೆ. ಹಟ್ಟಿಯಲ್ಲಿ ದನ ಆಗಿನಿಂದ ಕೂಗುತ್ತಿತ್ತು. ಬೆಳಿಗ್ಗೆ ಅಕ್ಕಿ ತೊಳೆದ ನೀರು ಬಾಲ್ದಿಯಲ್ಲಿ ಹಾಗೆಯೇ ಇತ್ತು. ಅದಕ್ಕೆ ಎರಡು ಹಿಡಿ ಹಿಂಡಿ ಕಲಸಿ ಹಟ್ಟಿಗೆ ನಡೆದೆ.