ಹಮ್ರಿಯಾದ ಪಾಠಾಂತರ

ಮಗಳು ಆ ಶುಕ್ರವಾರ ನುಡಿಸಿದ್ದನ್ನು ಯಾರೂ ರೆಕಾರ್ಡ್ ಮಾಡಿಕೊಳ್ಳಲಿಲ್ಲ. ಆದ್ದರಿಂದ ಇದೆಲ್ಲ ನನ್ನ ನೆನಪಿನ ಮೇಲೆ ಬರೆದದ್ದು. ಆ ನೆನಪನ್ನು ಎಷ್ಟು ನಂಬಬಹುದು ಎನ್ನುವುದು ಮುಂದೆ ಓದಿದರೆ ಗೊತ್ತಾಗುತ್ತದೆ.

ಗಲ್ಫ್ ನಗರವೊಂದರ ಆಫೀಸಿನಲ್ಲಿ ನನ್ನ ಜೊತೆಗಿದ್ದ ಐರಿಷ್ ಹಿರಿಯರೊಬ್ಬರ ಅಲ್ ಖುವೈರ್ ಬಡಾವಣೆಯ ಫ್ಲಾಟಿನಲ್ಲಿ ಶುಕ್ರವಾರ ಮಧ್ಯಾಹ್ನ ಕೆಲವರು ಸೇರಿ ತಮ್ಮ ನಾಡಿನ ಸಂಗೀತ ನುಡಿಸುತ್ತಿದ್ದರು. ನಾನು ಮೈಸೂರಿನಲ್ಲಿ ಪಿಟೀಲು ಕಲಿತವನು, ಮಗಳಿಗೂ ಕಲಿಸಿದ್ದೇನೆ. ಕುತೂಹಲಕ್ಕೆಂದು ಹೋದ ನಾವಿಬ್ಬರೂ ಕಾಯಂ ಆದೆವು. ಕುಣಿತಕ್ಕಾಗಿ ನುಡಿಸುವ ಚುರುಕಾದ ಧಾಟಿಯನ್ನು ಅವರು ರೀಲ್ ಎನ್ನುತ್ತಾರೆ. ಅದಕ್ಕೆ ಎರಡು ಭಾಗ. ಎರಡನ್ನೂ ಮುಗಿಸಿ ಮತ್ತೆ ಮೊದಲಿನಿಂದ ಸುತ್ತಿಕೊಂಡು ಬರಬೇಕು.

ಪಿಟೀಲು ನುಡಿಸುವ ಹಿರಿಯರಿಗೆ ತಮ್ಮ ತಂದೆಯಿಂದ ಬಂದ ಒಂದು ರೀಲ್ ಇತ್ತು. ಅದನ್ನೇ, ಕೊಳಲು ನುಡಿಸುವ ಐರಿಷ್ ನರ್ಸ್ ಒಬ್ಬರು ತಮ್ಮ ಊರಿನ ರೀತಿಯಲ್ಲಿ ನುಡಿಸುತ್ತಿದ್ದರು. ಹಿರಿಯರದು ತೂಗುವ ನಡೆ. ಎರಡನೇ ಭಾಗದಲ್ಲಿ ಮೇಲಿನ ಷಡ್ಜಕ್ಕೆ ಹಾರಿ, ಅಲ್ಲಿಂದ ಮೆಟ್ಟಿಲಿಳಿದಂತೆ ಒಂದೊಂದೇ ಸ್ವರ ಇಳಿಯುತ್ತದೆ. ನರ್ಸ್ ನುಡಿಸುವುದರಲ್ಲಿ ಹಾರುವುದೇ ಇಲ್ಲ, ಪಂಚಮದ ಸುತ್ತಮುತ್ತಲೇ ಓಡಾಟ. ಆದರೂ ಜಗಳವಿಲ್ಲ. ಯಾರು ಶುರು ಮಾಡುತ್ತಾರೋ ಅವರ ದಾರಿಯಲ್ಲಿ ಉಳಿದವರು ಹೋಗಬೇಕು, ಅದು ಅಲ್ಲಿನ ಪದ್ಧತಿ. ನಮ್ಮಲ್ಲಿ ಒಂದೇ ಕೃತಿಯ ಎರಡು ಪಾಠಾಂತರದವರು ಹೀಗೆ ಒಟ್ಟಿಗೆ ನುಡಿಸಿದ್ದನ್ನು ನಾನು ಕಂಡಿಲ್ಲ. ಅಥವಾ ಕಂಡದ್ದು ನೆನಪಿಲ್ಲ.

ಹಿರಿಯರು ನಿವೃತ್ತರಾಗಿ ಊರಿಗೆ ಹೊರಟರು. ಕೊನೆಯ ಶುಕ್ರವಾರ ತಮ್ಮ ತಂದೆಯ ರೀಲನ್ನು ನನ್ನ ಮಗಳೇ ಶುರು ಮಾಡಲಿ ಎಂದರು. ಅವರ ತಂದೆಯ ಪಾಠವನ್ನು ಒಂದು ಸ್ವರವೂ ಕದಲದಂತೆ ಒಪ್ಪಿಸಬೇಕೆಂಬ ಹಟ ನನ್ನದು. ನಗರದ ಇನ್ನೊಂದು ಬಡಾವಣೆ ಹಮ್ರಿಯಾದ ನಮ್ಮ ಮನೆಯಲ್ಲಿ ವಾರವಿಡೀ ಅದೇ ಮಾತು.

"ಮೇಲಿಂದ ಇಳಿಯೋವಾಗ ಜಾರು ಇನ್ನೂ ಸರಿಯಾಗಿ ಬರಬೇಕು," ಎಂದೆ. ಬೆರಳೆತ್ತದೆ ತಂತಿಯ ಮೇಲೆ ಜಾರಿಸಿಕೊಂಡೇ ಕೆಳಗಿನ ಸ್ವರಕ್ಕೆ ಬರುವುದು ಜಾರು. "ಅಂಕಲ್ ಹಾಗೇ ನುಡಿಸೋದು."

"ನೋ ಅಪ್ಪಾ, ಅವ್ರು ಸ್ಲೈಡ್ ಮಾಡೋದೇ ಇಲ್ಲ. ಫೋನಲ್ಲಿ ರೆಕಾರ್ಡಿಂಗ್ ಇದೆ."

"ನನ್ನ ಕಿವಿಯಲ್ಲಿದೆ ಕಣೇ."

"ಹಾಗಾದ್ರೆ ಕಿವಿಯನ್ನು ಸ್ಪೀಕರಿಗೆ ಹಾಕಿ ಮಾರಾಯ್ರೆ, ನಾವೂ ಕೇಳುವ," ಎಂದಳು ಅಡುಗೆಮನೆಯಿಂದ ನನ್ನ ಹೆಂಡತಿ. ಅವಳು ಮಂಗಳೂರು ಕಡೆಯವಳು.

ಕೇಳಿದೆವು. ಹಿರಿಯರು ನುಡಿಸಿದ್ದರಲ್ಲಿ ಜಾರು ಇರಲಿಲ್ಲ. ನರ್ಸ್ ನುಡಿಸಿದ್ದರಲ್ಲೂ ಇರಲಿಲ್ಲ. ಇದ್ದದ್ದು ಮಗಳು ಮನೆಯಲ್ಲಿ ಅಭ್ಯಾಸ ಮಾಡುವಾಗ ಅದೇ ಫೋನಿನಲ್ಲಿ ಹಿಡಿದಿಟ್ಟಿದ್ದರಲ್ಲಿ ಮಾತ್ರ. ಎರಡು ಸ್ವರಗಳ ನಡುವೆ ಜಾಗ ಖಾಲಿ ಬಿಟ್ಟರೆ ನಮ್ಮಂಥವರ ಬೆರಳು ಸುಮ್ಮನಿರುವುದಿಲ್ಲ. ನಾನು ಹಾಡಿ ತೋರಿಸುವಾಗ ಸೇರಿತೋ, ಅವಳೇ ಸೇರಿಸಿದಳೋ, ಹೇಳಲಾರದೆ ಹೋದೆ.

"ತೆಗೆದುಬಿಡು," ಎಂದೆ. "ಅದು ಅವರಪ್ಪನದು. ಹೊರಡೋ ದಿನ ಅವರಿಗೆ ಬೇಜಾರು ಮಾಡೋದು ಬೇಡ."

ತೆಗೆದು ನುಡಿಸಿ ನೋಡಿದಳು. "ಇದು ನಾನು ನುಡಿಸಿದ ಹಾಗೇ ಇಲ್ಲ," ಎಂದು ಪಿಟೀಲನ್ನು ಪೆಟ್ಟಿಗೆಗೆ ಸೇರಿಸಿದಳು.

ಶುಕ್ರವಾರ ಕಾರು ದಾರಿಯಲ್ಲಿನ ವಾದಿ ಅದಾಯ್ ಬಡಾವಣೆ ದಾಟುವಾಗ "ಯಾವ ಥರ ನುಡಿಸ್ತೀಯಾ?" ಎಂದು ಕೇಳಿದ್ದಕ್ಕೆ "ಲೆಟ್ಸ್ ಸೀ" ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದಳು.

ಮೊದಲ ಭಾಗವನ್ನು ಹಿರಿಯರ ಹಾಗೆಯೇ ನುಡಿಸಿದಳು. ಎರಡನೆಯದರಲ್ಲಿ ಮೇಲಿನ ಷಡ್ಜಕ್ಕೆ ಹಾರಿದವಳು ಜಾರಿಕೊಂಡೇ ಇಳಿದಳು. ನರ್ಸ್ ಕೊಳಲನ್ನು ತುಟಿಯಿಂದ ಸರಿಸಿದರು. ಹಿರಿಯರ ಕಮಾನು ನಿಂತಿತು, ಅವರ ಕಣ್ಣು ಮಗಳ ಬೆರಳ ಮೇಲೆ. ನಾನು ನೆಲದ ಕಾರ್ಪೆಟ್ ನೋಡುತ್ತಾ ಕೂತೆ. ಅವಳು ನಿಲ್ಲಿಸಲಿಲ್ಲ. ನನ್ನ ಲೆಕ್ಕದಲ್ಲಿ ಮರುಸುತ್ತಿಗೇ, ಮಗಳ ಪ್ರಕಾರ ಇನ್ನೂ ಒಂದು ಸುತ್ತಿನ ನಂತರ, ಹಿರಿಯರು ಅದೇ ಜಾಗದಲ್ಲಿ ಅವಳ ಜೊತೆ ಜಾರಿದರು. ಕೊಳಲೂ ಹಿಂದೆಯೇ ಬಂತು.

ಮುಗಿದ ಮೇಲೆ "ಹಾಗೆ ಇಳಿಯುವುದು ಎಲ್ಲಿಯ ರೀತಿ?" ಎಂದು ಹಿರಿಯರು ಇಂಗ್ಲಿಷಿನಲ್ಲಿ ಕೇಳಿದರು. ಮನೆಯಲ್ಲಿ ಅಭ್ಯಾಸ ಮಾಡುವಾಗ ಹೇಗೋ ಸೇರಿಕೊಂಡಿತು ಎಂದು ನಾನು ಸಮಜಾಯಿಷಿ ಶುರು ಮಾಡಿದ್ದೆ.

"ಹಮ್ರಿಯಾ," ಎಂದಳು ಮಗಳು.

ಎಲ್ಲರೂ ನಕ್ಕರು. ಹಿರಿಯರು ಮಾತ್ರ ನಗಲಿಲ್ಲ. ನರ್ಸ್ ಕಡೆ ತಿರುಗಿ, "ನಿನ್ನ ಊರಿನದು ಒಂದು, ನಮ್ಮಪ್ಪನದು ಒಂದು, ಇದು ಹಮ್ರಿಯಾದ್ದು," ಎಂದರು. ಆಮೇಲೆ ಕುರ್ಚಿಯನ್ನು ಮಗಳ ಎದುರಿಗೆ ಎಳೆದುಕೊಂಡು, "ನಿಧಾನವಾಗಿ ಇನ್ನೊಮ್ಮೆ ತೋರಿಸು. ಊರಿನಲ್ಲಿ ನುಡಿಸಬೇಕು," ಎಂದರು.

ಅವಳು ತೋರಿಸಿದಳು. ಅವರು ಅಭ್ಯಾಸಬಲದಿಂದ ನಡುವೆ ಬೆರಳೆತ್ತುತ್ತಿದ್ದರು, ಅವಳು "ಎತ್ತಬೇಡಿ ಅಂಕಲ್" ಎಂದು ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದಳು. ಅಷ್ಟು ನಿಧಾನಕ್ಕೆ ಕೇಳಿದಾಗ ನನಗೆ ಸ್ಪಷ್ಟವಾಯಿತು. ನಾನು ಹಾಡುವ ಜಾರು ನೇರವಾಗಿ ಕೆಳಕ್ಕೆ ಬಂದುಬಿಡುತ್ತದೆ. ಅವಳದು ಸ್ವರ ಮುಟ್ಟುವ ಮೊದಲು ಒಂದು ಕ್ಷಣ ತಡೆದು, ಕುಣಿಯುವವರು ಕಾಲೂರುವ ಸರಿಯಾದ ಹೊತ್ತಿಗೆ ಬಂದು ಕೂರುತ್ತಿತ್ತು. ಅದನ್ನು ನಾನು ಕಲಿಸಿರಲಿಲ್ಲ. ಆ ಫ್ಲಾಟಿನಲ್ಲಿ ಅವಳ ಅಪ್ಪ ಅನ್ನಿಸಿಕೊಂಡು ಕೂತಿರುವುದೇ ಸಾಕಷ್ಟು ದೊಡ್ಡ ವಿಷಯ ಎನ್ನಿಸಿತು.