ಗಿಡ ನೆಡುವ ಕ್ಲಬ್ಬು

ಊರಿನ ಎರಡು ಹಾಕಿ ಕ್ಲಬ್ಬುಗಳು ಎಳೆಯ ಹುಡುಗಿಯರನ್ನು ಹೇಗೆ ಆರಿಸುತ್ತವೆ ಎಂದು ಬಾಯಿ ತಪ್ಪಿ ಕೇಳಿದವರಿಗೆ ಹಳೇ ಕ್ಲಬ್ಬಿನ ಕೋಚ್ ಮಾವನಿಂದ ಬಿಡುಗಡೆಯಿಲ್ಲ. "ಆ ಹೊಸ ಕ್ಲಬ್ಬಿನವರು ಹಣ್ಣು ಕೊಳ್ತಾರೆ, ನಾವು ಗಿಡ ನೆಡ್ತೀವಿ" ಎಂದು ಶುರುಮಾಡುತ್ತಾರೆ. ಹೊಸ ಕ್ಲಬ್ಬು ಆಗಲೇ ಗೋಲು ಹೊಡೆಯಬಲ್ಲವರನ್ನು ಹುಡುಕಿದರೆ, ಮಾವ ಸ್ಟಿಕ್ಕಿಗಿಂತ ಗಿಡ್ಡಗಿರುವವರನ್ನು ಹಿಡಿದು ತಂದು ವರ್ಷಗಟ್ಟಲೆ ಬರೀ ಮಂಡಿ ಬಗ್ಗಿಸಿ ಚೆಂಡು ತಡೆಯುವುದನ್ನೇ ಕಲಿಸುತ್ತಾರೆ. ನೆಂಟರ ಮನೆಗೆ ಹೋದರೂ ಮೊದಲು ಮಕ್ಕಳ ಮಣಿಕಟ್ಟು ಹಿಡಿದು ನೋಡುತ್ತಾರೆ. ತೊಟ್ಟಿಲ ಕೂಸಿನ ಕಾಲು ನೋಡಿ "ಇದು ಡಿಫೆನ್ಸಿಗೆ" ಎಂದು ತೀರ್ಪು ಕೊಟ್ಟದ್ದೂ ಉಂಟು. ತಂಡ ಸೋತಾಗಲೆಲ್ಲ "ಇನ್ನೂ ಬೇರು ಬಿಡ್ತಾ ಇದೆ" ಎನ್ನುತ್ತಾರೆ. ಬೇರು ಬಿಟ್ಟವರನ್ನು ಹೊಸ ಕ್ಲಬ್ಬು ಬುಡಸಮೇತ ಎತ್ತಿಕೊಂಡು ಹೋಗುತ್ತದೆ. ಈ ಸಲದ ಫೈನಲ್ಲಿನಲ್ಲಿ ಹಾಗೆ ಹೋದವಳೊಬ್ಬಳು ಚೆಂಡು ಹಿಡಿದು ಹಳೇ ಕ್ಲಬ್ಬಿನ ಗೋಲಿನತ್ತಲೇ ನುಗ್ಗಿ ಬಂದಳು. ಗೆರೆಯಾಚೆ ನಿಂತಿದ್ದ ಮಾವ ತಡೆಯಲಾರದೆ ಗದರಿದರು: "ಮಂಡಿ ಬಗ್ಗಿಸೇ!" ಅವಳು ತಿರುಗಿಯೂ ನೋಡದೆ ಮಂಡಿ ಬಗ್ಗಿಸಿದಳು. ಗೋಲಾಯಿತು. "ನೀವು ಯಾರ ಕಡೆ, ಮಾವ?" ಎಂದು ಕ್ಲಬ್ಬಿನ ಕಾರ್ಯದರ್ಶಿ ತಲೆ ಚಚ್ಚಿಕೊಂಡರು. ಮಾವ ಎದುರಾಳಿಗಳ ಸಂಭ್ರಮವನ್ನೇ ನೋಡುತ್ತಾ, ಮೆಲ್ಲಗೆ, "ನನ್ನ ಮಾತು ಇನ್ನೂ ಕೇಳ್ತಾಳೆ ಕಣಯ್ಯಾ" ಎಂದರು.